ಈಸೂರಿನ ದಾರಿಯಲ್ಲಿ ಶುಶ್ರೂಷೆಯ ವಿಚಾರ

ಶಿವಮೊಗ್ಗೆಯ ಜಿಲ್ಲೆಯಲ್ಲಿ ಶಿಕಾರಿಪುರದ ತಾಲ್ಲೂಕಿಗೆ ಸೇರಿದ ಈಸೂರು ಕೀರ್ತಿಯಲ್ಲಿ ದೊಡ್ಡದು, ನೋಟಕ್ಕೆ ಸಾಧಾರಣವಾದ ಒಕ್ಕಲಿಗರ ಊರು. 1942ರ ಸೆಪ್ಟೆಂಬರಿನಲ್ಲಿ ಇಲ್ಲಿನವರು ವೀರಭದ್ರಸ್ವಾಮಿಯ ಗುಡಿಯ ಮೇಲೆ ತ್ರಿವರ್ಣಧ್ವಜವನ್ನೇರಿಸಿ ತಮ್ಮ ಗ್ರಾಮವು ಸ್ವತಂತ್ರವೆಂದು ಸಾರಿದರು. ಆ ತಿಂಗಳ 28ರ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸು ಅಧಿಕಾರಿಯೊಬ್ಬರೂ ಮಡಿದರು. ಬಳಿಕ ಜನರು ಮನೆಮಾರು ತೊರೆದು ಕಾಡುಸೇರಬೇಕಾಯಿತು. 1943ರ ಮಾರ್ಚಿಯಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು ಗಲ್ಲಿಗೇರಿದರು. ಅವರ ಸ್ಮಾರಕದ ಮುಂದೆ ನಿಂತವನಿಗೆ ಮಾತು ತಾನಾಗಿ ಅಡಗುವುದು.

ಈ ಊರಿನಲ್ಲಿ ನನಗೆ ಆತಿಥ್ಯವಿತ್ತ ಮಿತ್ರರ ಸೋದರಿಯು ಸರಕಾರಿ ಆರೋಗ್ಯಕೇಂದ್ರಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದಾದಿಯಾಗಿದ್ದು ನಿವೃತ್ತರಾದವರು. ಊರವರಿಗೆ ಈಗಲೂ ಅವರು ‘ನರ್ಸಮ್ಮ’ನೇ. ಸುತ್ತಲ ಸ್ಥಳಗಳನ್ನು ತೋರಿಸಲು ಅವರೇ ನಮ್ಮೊಡನೆ ಹೊರಟರು.

ಮೊದಲು ಬಳ್ಳಿಗಾವೆಗೆ ಹೋದೆವು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನವು ಪ್ರಸಿದ್ಧವಾದುದು. ವೇದ, ವ್ಯಾಕರಣ, ದರ್ಶನಗಳನ್ನು ಬೋಧಿಸುತ್ತಿದ್ದ ಆ ಮಠವು ದೀನರಿಗೆ ಅನ್ನವನ್ನೂ ಅನಾಥ ರೋಗಿಗಳಿಗೆ ಚಿಕಿತ್ಸೆಯನ್ನೂ ಕೊಡುವ ಸ್ಥಾನವಾಗಿತ್ತೆಂದು ಅದರಿಂದ ತಿಳಿದುಬರುತ್ತದೆ. ಇದನ್ನು ವಿವರಿಸಿದಾಗ ನರ್ಸಮ್ಮನವರು, “ಮೇಷ್ಟ್ರೇ, ಔಷಧ ಕೊಟ್ಟವರ ಹೆಸರಾದರೂ ಎಲ್ಲೋ ಉಳಿದೀತು. ರಾತ್ರಿಯೆಲ್ಲ ಕೂತು ಗಂಜಿ ಕುಡಿಸಿದವರು ಯಾರಿದ್ದರೋ!” ಎಂದರು.

ಈ ಪ್ರಶ್ನೆಯು ನನ್ನನ್ನು ಚರಕಸಂಹಿತೆಯ ಕಡೆಗೆ ಒಯ್ದಿತು. ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕನ ಮತ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ಜ್ಞಾನ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕು. ‘ಶುಶ್ರೂಷೆ’ ಎಂಬ ಶಬ್ದವಾದರೋ ‘ಶ್ರು’ ಧಾತುವಿನಿಂದ ಹುಟ್ಟಿ, ಮೂಲತಃ ‘ಕೇಳಬೇಕೆಂಬ ಇಚ್ಛೆ’ ಎಂಬ ಅರ್ಥವುಳ್ಳದ್ದು. ಇದನ್ನು ಕೇಳಿ ಅವರು ನಕ್ಕು, “ನಮ್ಮ ಕೆಲಸದಲ್ಲಿ ಅರ್ಧ ಅದೇ” ಎಂದರು.

ಆ ಮಾತಿನ ತಾತ್ಪರ್ಯವು ಶಿರಾಳಕೊಪ್ಪದ ಮಾರ್ಗವಾಗಿ ಸೊರಬದ ಸೀಮೆಯನ್ನು ಹೊಕ್ಕ ಮೇಲೆ ತಿಳಿಯಿತು. ಆ ತಾಲ್ಲೂಕಿನ ಕ್ಯಾಸನೂರಿನ ಹೆಸರನ್ನು ಲೋಕದ ವೈದ್ಯರೆಲ್ಲ ಬಲ್ಲರು. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತುಬೀಳುತ್ತಿರಲು, ಹಳ್ಳಿಗಳಲ್ಲಿಯೂ ಉಗ್ರವಾದ ಜ್ವರವು ತಲೆದೋರಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ ಇದು ಹೊಸದೊಂದು ವೈರಸ್ಸಿನ ಕಾರ್ಯವೆಂದು ನಿಶ್ಚಯಿಸಿದರು. ಜನರು ಅದನ್ನು ‘ಮಂಗನ ಕಾಯಿಲೆ’ ಎನ್ನುತ್ತಾರೆ. ಅದು ಉಣುಗುಗಳ ಕಡಿತದಿಂದ ಬರತಕ್ಕದ್ದು. ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಚಳಿಗಾಲ ಮೊದಲಾಗಿ ಮಳೆ ಹಿಡಿಯುವವರೆಗೆ, ಸೌದೆಗೂ ತರಗೆಲೆಗೂ ಕಾಡಿಗೆ ಹೋಗುವ ಬಡವರಿಗೇ ಇದರ ಬಾಧೆ ಹೆಚ್ಚು. ಹಿಂದೆ ಹಾಕುತ್ತಿದ್ದ ಲಸಿಕೆಯು ಸಾಕಷ್ಟು ಫಲಕಾರಿಯಲ್ಲವೆಂದು ಕಂಡು 2022ರಲ್ಲಿ ನಿಂತಿತು. ಇದಕ್ಕೆಂದೇ ಇರುವ ಔಷಧವೂ ಇಲ್ಲ. ಆದುದರಿಂದ ವಿಶ್ರಾಂತಿ, ಶರೀರಕ್ಕೆ ಬೇಕಾದ ದ್ರವಾಹಾರ, ರಕ್ತಸ್ರಾವವಾಗುವುದೇ ಎಂಬ ಎಚ್ಚರ, ಇವೇ ಮುಖ್ಯ. ಮೂರನೆಯ ಪಾದದ ಮೇಲೆಯೇ ಭಾರವೆಲ್ಲ ಬೀಳುವ ರೋಗವಿದು.

“ಜ್ವರ ಬಿಟ್ಟ ದಿನವೇ ನನಗೆ ಹೆಚ್ಚು ಅಂಜಿಕೆ” ಎಂದರು ನರ್ಸಮ್ಮ. “ಕೆಲವರಿಗೆ ಒಂದೆರಡು ವಾರ ಚೆನ್ನಾಗಿದ್ದು ಮತ್ತೆ ಮರುಕಳಿಸುತ್ತದೆ. ಕೂಲಿ ತಪ್ಪುತ್ತದೆಂದು ಅಷ್ಟರಲ್ಲೇ ಎದ್ದು ಹೊರಡುತ್ತಾರೆ. ಬೈದರೆ ಕೇಳುವವರಲ್ಲ. ಜಗುಲಿಯ ಮೇಲೆ ಕೂತು, ಮನೆಯಲ್ಲಿ ಅಕ್ಕಿ ಎಷ್ಟಿದೆ, ಸಾಲ ಯಾರದು ಎಂಬುದನ್ನೆಲ್ಲ ಕೇಳಿದ ಮೇಲೆ ನಾನು ಹೇಳಿದ್ದು ಅವರ ಕಿವಿಗೆ ಬೀಳುತ್ತಿತ್ತು.”

ಇಷ್ಟೆಲ್ಲ ದುಡಿದ ಇವರನ್ನು ನೋಡಿಕೊಂಡವರಾರು? ಕೇಳಿದೆ. ಅವರೊಡನೆ ಒಂದೇ ವಸತಿಯಲ್ಲಿದ್ದ ಇನ್ನೊಬ್ಬ ದಾದಿ, ಈಗ ದಿವಂಗತರು. ಇಬ್ಬರ ನಡುವೆ ಒಂದು ಕಟ್ಟಳೆಯಿತ್ತಂತೆ: ರಾತ್ರಿಯ ಪಾಳಿ ಮುಗಿಸಿ ಬಂದವಳಿಗೆ ಮತ್ತೊಬ್ಬಳು ಬಿಸಿ ಅನ್ನ ಸಾರು ಮಾಡಿಟ್ಟಿರಬೇಕು; ಆಕೆ ಉಂಡು ಮಲಗುವ ತನಕ ಕೆಲಸದ ಸುದ್ದಿ ಎತ್ತಬಾರದು. ಒಂದು ವರ್ಷ ಜ್ವರದಿಂದ ಹುಡುಗನೊಬ್ಬನು ತೀರಿಕೊಂಡಾಗ ನರ್ಸಮ್ಮನವರಿಗೆ ಅನ್ನ ಸೇರಲಿಲ್ಲ. ಈ ಕೆಲಸವೇ ಬೇಡವೆನ್ನಿಸಿತು. “ಅವಳು ಸಮಾಧಾನದ ಒಂದು ಮಾತೂ ಆಡಲಿಲ್ಲ, ಮೇಷ್ಟ್ರೇ. ಮೂರು ದಿನ ಪಕ್ಕದಲ್ಲಿ ಸುಮ್ಮನೆ ಕೂತಿದ್ದಳು. ನನ್ನ ಪಾಳಿಯನ್ನೂ ಅವಳೇ ಮಾಡಿದಳು. ನಾಲ್ಕನೆಯ ದಿನ ನನ್ನ ಬಿಳಿ ಸೀರೆಯನ್ನು ಒಗೆದು ಮಡಿಸಿ ತಂದಿಟ್ಟಳು. ಉಟ್ಟುಕೊಂಡು ಹೋದೆ.”

ವಾಚಕಮಹಾಶಯರೇ, ಚರಕನು ಹೇಳಿದ ನಾಲ್ಕು ಗುಣಗಳು ಪರಿಚಾರಕರು ರೋಗಿಗೆ ಸಲ್ಲಿಸಬೇಕಾದವು. ಪರಿಚಾರಕರಿಗೆ ನಾವು ಸಲ್ಲಿಸಬೇಕಾದುದೂ ಒಂದುಂಟು. ನಮ್ಮ ಮನೆಗಳಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ ಎಲ್ಲರೂ ರೋಗಿಯ ಮುಖವನ್ನು ನೋಡುವರು. ಎಂಟು ರಾತ್ರಿ ನಿದ್ದೆಗೆಟ್ಟ ತಾಯಿಯ ಅಥವಾ ಸೊಸೆಯ ಮುಖವನ್ನು ನೋಡುವವರು ವಿರಳ. ಅಂಥ ಸಮಯದಲ್ಲಿ ಗಂಡಸರೂ ಪಾಳಿಯ ಮೇಲೆ ಎಚ್ಚರವಿರಲಿ; ಶುಶ್ರೂಷೆ ಮಾಡುವವರಿಗೆ ಮೊದಲು ಬಡಿಸಲಿ; ಅವರು ಹೇಳುವುದನ್ನು ಕೇಳುವ ಇಚ್ಛೆಯೂ ಮನೆಯವರಿಗಿರಲಿ. ಆ ಶಬ್ದದ ಮೂಲಾರ್ಥವೂ ಅದೇ ಅಲ್ಲವೇ?