ಸುಂಕದವನ ಮುಂದೆ ಸುಖದುಃಖ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಾನು ಬಾಲ್ಯದಿಂದ ಕೇಳುತ್ತ ಬಂದವನು. ಗಾದೆಯನ್ನು ಕೇಳುವುದು ಬೇರೆ. ಅದರೊಳಗೇ ಹೋಗಿ ನಿಲ್ಲುವುದು ಬೇರೆ. ಆ ಎರಡನೆಯ ಯೋಗ ನನಗೆ ಒದಗಿದುದು 2019ರಲ್ಲಿ, ದುಬಾಯಿಯಲ್ಲಿ.

ಒಂಬತ್ತು ವರ್ಷ ಅಲ್ಲಿ ಇನ್ನೊಬ್ಬರ ಲೆಕ್ಕ ಬರೆದ ಮೇಲೆ, ಇನ್ನು ನನ್ನದೇ ಒಂದು ಹೆಸರುಹಲಗೆಯನ್ನು ತೂಗುಹಾಕೋಣವೆಂದು ದೇರಾದಲ್ಲಿ ಎರಡು ಕೋಣೆಗಳ ಕಛೇರಿಯನ್ನು ಬಾಡಿಗೆಗೆ ಹಿಡಿದೆ. ಪರವಾನಗಿ, ಬಾಡಿಗೆ, ಮುಂಗಡ ಇವುಗಳಲ್ಲಿಯೇ ಕೂಡಿಟ್ಟ ಹಣದ ಬಹುಭಾಗ ಕರಗಿತು. ಉಳಿದುದು ಮೇಜು ಕುರ್ಚಿಗಳ ಚಿಂತೆ. "ಅಲ್ಲಿ ಕೊಳ್ಳುವುದೇಕೆ? ಉಡುಪಿಯಲ್ಲಿ ನಿನ್ನ ಭಾವನ ಮರಗೆಲಸದ ಅಂಗಡಿಯಿಲ್ಲವೇ?" ಎಂದು ಊರಿನಿಂದ ಸಲಹೆ ಬಂದಿತು. ಹಲಸಿನ ಮರದ ಮೂರು ಮೇಜು, ಆರು ಕುರ್ಚಿ, ಒಂದು ಕಪಾಟು ಸಿದ್ಧವಾದುವು. ಅದೇ ಸಮಯಕ್ಕೆ ನನ್ನ ಹೆಂಡತಿ ಮಕ್ಕಳೂ ದುಬಾಯಿಯಲ್ಲಿ ನೆಲಸಲು ಮೊದಲ ಬಾರಿ ಬರುವವರಿದ್ದರು. ಆದುದರಿಂದ ಅಡಿಗೆಯ ಪಾತ್ರೆಗಳು, ದೋಸೆಯ ಕಾವಲಿ, ಅಮ್ಮ ಹಟ ಹಿಡಿದು ಕಟ್ಟಿಸಿದ ಅರೆಯುವ ಕಲ್ಲು, ಎಲ್ಲವೂ ಅದೇ ಹೊರೆಯಲ್ಲಿ ಸೇರಿದುವು. ಕಟ್ಟುವ ಕೆಲಸ ಮುಗಿಯುತ್ತ ಬಂದಾಗ ಅಪ್ಪಯ್ಯ ತಮ್ಮ ಬೆರಳಚ್ಚು ಯಂತ್ರವನ್ನು ಎರಡು ಕೈಗಳಲ್ಲಿ ಎತ್ತಿ ತಂದು ಅದರ ಪಕ್ಕದಲ್ಲಿ ಇಟ್ಟರಂತೆ.

ಈ ಯಂತ್ರದ ವಿಷಯ ಸ್ವಲ್ಪ ಹೇಳಬೇಕು. ಅಪ್ಪಯ್ಯ ಮೂವತ್ತು ವರ್ಷ ಟೈಪ್‌ರೈಟಿಂಗ್ ಶಾಲೆ ನಡೆಸಿದವರು. ನಮ್ಮ ಮನೆಯ ಅಕ್ಕಿ, ನನ್ನ ಕಾಲೇಜಿನ ಶುಲ್ಕ, ಅಕ್ಕನ ಮದುವೆ ಎಲ್ಲವೂ ಅಲ್ಲಿಯ ಯಂತ್ರಗಳ ಟಕಟಕ ಶಬ್ದದಿಂದಲೇ ಹುಟ್ಟಿದುವು. ಕಂಪ್ಯೂಟರ್ ಬಂದ ಮೇಲೆ ಶಾಲೆ ಮುಚ್ಚಿತು. ಯಂತ್ರಗಳು ಒಂದೊಂದಾಗಿ ಗುಜರಿಗೆ ಹೋದುವು. ಕನ್ನಡದ ಕೀಲಿಗಳಿದ್ದ ಒಂದನ್ನು ಮಾತ್ರ ಅವರು ಕೊಡಲಿಲ್ಲ. "ಆಫೀಸು ಎಂದ ಮೇಲೆ ಒಂದು ಯಂತ್ರವಾದರೂ ಬೇಡವೇ, ಮಗಾ?" ಎಂದು ಕೇಳಿದವರಿಗೆ ನಾನೇನು ಹೇಳಲಿ?

ಲೆಕ್ಕ ಬರೆಯುವುದೇ ಕಸುಬಾದವನು ತನ್ನ ಮನೆಯ ಲೆಕ್ಕದಲ್ಲಿ ಎಡವಿದುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಒಂದೇ ಪಟ್ಟಿ ಮಾಡಿದರೆ ಕೆಲಸ ಸುಲಭವೆಂದು ಇಡೀ ಹೊರೆಯನ್ನು ಹೊಸ ಸಂಸ್ಥೆಯ ಹೆಸರಿನಲ್ಲಿ ಕಳುಹಿಸಿದೆ. ಯಂತ್ರದ ಮುಂದೆ ಬೆಲೆಯ ಅಂಕಣದಲ್ಲಿ ಸೊನ್ನೆ ಬರೆದೆ.

ಹಡಗು ಬಂದ ನಾಲ್ಕನೆಯ ದಿನ ಕ್ಲಿಯರಿಂಗ್ ಏಜೆಂಟರು ಫೋನು ಮಾಡಿದರು. "ಸ್ವಾಮೀ, ಅರೆಯುವ ಕಲ್ಲು ನಿಮ್ಮ ಕಛೇರಿಯಲ್ಲಿ ಯಾವ ಕೆಲಸಕ್ಕೆ?"

ಅವರು ಪರಿಹಾಸ್ಯ ಮಾಡುತ್ತಿರಲಿಲ್ಲ. ಕೊಲ್ಲಿಯ 6 ರಾಷ್ಟ್ರಗಳು 2003ರ ಜನವರಿ 1ರಿಂದ ಒಂದೇ ಸುಂಕದ ಬೇಲಿಯೊಳಗೆ ಬಂದಿವೆ. ಹೊರಗಿನಿಂದ ಬರುವ ಬಹುತೇಕ ಸರಕಿಗೆ ಶೇಕಡಾ 5 ಸುಂಕ. ಅಲ್ಲಿ ವಾಸಿಸಲು ಮೊದಲ ಬಾರಿ ಬರುವ ವಿದೇಶೀಯರು ತರುವ, ಬಳಸಿದ ಗೃಹೋಪಯೋಗಿ ಸಾಮಾನಿಗೆ ವಿನಾಯಿತಿಯುಂಟು. ನನ್ನ ಹೆಂಡತಿಯ ಹೆಸರಿನಲ್ಲಿ ಬೇರೆ ಪಟ್ಟಿ ಮಾಡಿದ್ದರೆ ಕಲ್ಲು, ಕಾವಲಿಗಳ ಮಾತೇ ಏಳುತ್ತಿರಲಿಲ್ಲ. ಯಂತ್ರವೂ ಮನೆಯ ಹಳೆಯ ವಸ್ತುವೆಂದು ತಲೆ ತಗ್ಗಿಸಿ ದಾಟಿಬಿಡುತ್ತಿತ್ತೋ ಏನೋ. ಸಂಸ್ಥೆಯ ಹೆಸರು ಬಿದ್ದೊಡನೆ ಎಲ್ಲವೂ ವ್ಯಾಪಾರದ ಸಾಮಗ್ರಿಯಾಯಿತು.

ಶೇಕಡಾ 5 ಎಂದರೆ ಅಲ್ಪವೆಂದು ತೋರುತ್ತದೆ. ಆದರೆ ಯಾವುದರ ಮೇಲೆ 5 ಎಂಬುದೇ ಮುಖ್ಯ. ಪೀಠೋಪಕರಣಗಳ ಬೆಲೆ 8,000 ದಿರ್ಹಮ್ ಎಂದು ನಾನು ಮನಸ್ಸಿನಲ್ಲಿಯೇ 400 ತೆಗೆದಿಟ್ಟಿದ್ದೆ. ಸುಂಕವನ್ನು ಕಟ್ಟುವುದಾದರೋ ಬೆಲೆ, ಹಡಗಿನ ಸಾಗಣೆ, ವಿಮೆ ಈ ಮೂರನ್ನೂ ಕೂಡಿಸಿದ ಮೊತ್ತದ ಮೇಲೆ. ಅವುಗಳ ಪಾಲಿನ ಸಾಗಣೆ 2,400, ವಿಮೆ 100, ಒಟ್ಟು 10,500, ಸುಂಕ 525. ಅಷ್ಟಕ್ಕೆ ಮುಗಿಯಿತೇ? 2018ರ ಜನವರಿ 1ರಿಂದ ಅಲ್ಲಿ ಮೌಲ್ಯವರ್ಧಿತ ತೆರಿಗೆಯೂ ಶೇಕಡಾ 5ರಂತೆ ಬಂದಿತ್ತು. ಅದು ಸುಂಕವನ್ನೂ ಸೇರಿಸಿದ 11,025ರ ಮೇಲೆ: 551 ದಿರ್ಹಮ್, 25 ಫಿಲ್ಸ್. ತೆರಿಗೆಯ ಮೇಲೆ ತೆರಿಗೆ ಕುಳಿತು ಸವಾರಿ ಮಾಡುವುದೆಂದರೆ ಇದೇ. ನೋಂದಾಯಿತ ವ್ಯಾಪಾರಿಯಾದರೆ ಈ ಎರಡನೆಯದನ್ನು ತನ್ನ ಲೆಕ್ಕದಲ್ಲಿ ಹೊಂದಿಸಿಕೊಳ್ಳಬಹುದು. ವರ್ಷದ ವಹಿವಾಟು 375,000 ದಿರ್ಹಮ್ ಮೀರಿದರೆ ನೋಂದಣಿ ಕಡ್ಡಾಯ. ಒಬ್ಬ ಗಿರಾಕಿಯೂ ಇನ್ನೂ ಮೆಟ್ಟಲು ಹತ್ತದ ನಾನು ಆಗ ನೋಂದಾಯಿಸಿಕೊಂಡಿರಲಿಲ್ಲ. ಆದುದರಿಂದ ಕೊಟ್ಟದ್ದು ಕೊಟ್ಟಂತೆಯೇ.

ಇದರಲ್ಲಿ ಒಂದು ಸೋಜಿಗವುಂಟು. ಹೊರೆಯಲ್ಲಿದ್ದ ಎರಡು ಕಂಪ್ಯೂಟರುಗಳಿಗೆ ಸುಂಕವೇ ಇಲ್ಲ! 1996ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಕೆಲವು ರಾಷ್ಟ್ರಗಳು ಸೇರಿ ಕಂಪ್ಯೂಟರ್ ಮೊದಲಾದ ಮಾಹಿತಿ ತಂತ್ರದ ಉಪಕರಣಗಳ ಮೇಲಿನ ಸುಂಕವನ್ನು ತೆಗೆದುಹಾಕಲು ಒಪ್ಪಿದುವು. ಆ ಒಪ್ಪಂದಕ್ಕೆ ಸಂಯುಕ್ತ ಅರಬ್ ಸಂಸ್ಥಾನವೂ ಸೇರಿದೆ. ಕಂಪ್ಯೂಟರು ಬಿಟ್ಟಿಯಾಗಿ ಒಳಗೆ ಬರುತ್ತದೆ. ಅದರ ಮುಂದೆ ಕುಳಿತುಕೊಳ್ಳುವ ಕುರ್ಚಿ ಸುಂಕ ಕೊಟ್ಟು ಬರುತ್ತದೆ.

1985ರಲ್ಲಿ ಸ್ಥಾಪಿತವಾದ ಜೆಬೆಲ್ ಅಲಿಯ ಮುಕ್ತ ವಲಯದಲ್ಲಿ ನನ್ನ ಸ್ನೇಹಿತರೊಬ್ಬರ ಕಛೇರಿಯಿದೆ. ಅವರು ನನ್ನ ಪಾಡನ್ನು ಕೇಳಿ ನಕ್ಕರು. ಆ ವಲಯದ ಬೇಲಿಯೊಳಗೆ ಸರಕು ಬಂದರೆ ಸುಂಕವಿಲ್ಲ. ಆದರೆ ಅಲ್ಲಿಂದ ಒಂದು ಮೇಜನ್ನು ದೇರಾಕ್ಕೆ ಸಾಗಿಸಬೇಕಾದರೆ ಹೊರಬಾಗಿಲಿನಲ್ಲಿ ಸುಂಕ ಕಟ್ಟಲೇಬೇಕು. ದೇಶ ದಾಟಿದವನಿಗೆ ದೇಶದೊಳಗೆ ಇನ್ನೊಂದು ಗಡಿ!

ಮೇಜು ಕುರ್ಚಿಗಳಿಗಾಗಿ ನಾನು ಅಷ್ಟು ನೊಂದುಕೊಳ್ಳಲಿಲ್ಲ. ತಡೆದು ನಿಂತುದು ಯಂತ್ರ. "ಸೊನ್ನೆ ಬೆಲೆಯ ವಸ್ತು ಜಗತ್ತಿನಲ್ಲಿಲ್ಲ. ದಾನವಾಗಿ ಬಂದರೂ ಬೆಲೆ ಬರೆಯಬೇಕು" ಎಂದು ಸುಂಕದ ಅಧಿಕಾರಿ ಸೌಜನ್ಯದಿಂದಲೇ ಹೇಳಿದರು. ನಾನು ಅಪ್ಪಯ್ಯನ ಶಾಲೆಯ ಕಥೆಯನ್ನು ಅರ್ಧ ಹಿಂದಿಯಲ್ಲಿ, ಅರ್ಧ ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಅವರು ಕೊನೆಯವರೆಗೂ ಕೇಳಿದರು. ಚಹ ಬೇಕೇ ಎಂದು ವಿಚಾರಿಸಿದರು. ಅನಂತರ ಬೆಲೆಯ ಅಂಕಣವನ್ನು ಬೆರಳಿನಿಂದ ತೋರಿಸಿದರು.

ರಾತ್ರಿ ಊರಿಗೆ ಫೋನು ಮಾಡಿ, "ಅಪ್ಪಯ್ಯಾ, ಗುಜರಿಯ ಬೆಲೆ ಬರೆದುಬಿಡಲೇ? ನೂರೋ ಇನ್ನೂರೋ ರೂಪಾಯಿ" ಎಂದೆ.

ಅತ್ತ ಕಡೆ ಬಹಳ ಹೊತ್ತು ಮಾತಿಲ್ಲ. "ಗುಜರಿಗೆ ಕೊಡುವುದಿದ್ದರೆ ಅಷ್ಟು ದೂರ ಕಳುಹಿಸುತ್ತಿದ್ದೆನೇ?" ಎಂದು ಫೋನನ್ನು ಅಮ್ಮನ ಕೈಗಿತ್ತರು.

ಆ ಮಾತಾಡಬಾರದಿತ್ತು. ಎರಡು ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಭಾವ ಒಂದು ಕಾಗದದ ಚಿತ್ರವನ್ನು ಫೋನಿನಲ್ಲಿ ಕಳುಹಿಸಿದರು. ಅಪ್ಪಯ್ಯ ಶಾಲೆಯ ಹಳೆಯ ಮುದ್ರೆಯೊತ್ತಿ, ಯಂತ್ರವು ಸುಸ್ಥಿತಿಯಲ್ಲಿದೆಯೆಂದೂ ಅದರ ಬೆಲೆ 3,000 ರೂಪಾಯಿಗಳೆಂದೂ ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದ್ದರು. ಆಗಿನ ದರದಲ್ಲಿ ಅದು ಸುಮಾರು 158 ದಿರ್ಹಮ್. ಸುಂಕ 8 ದಿರ್ಹಮಿಗೂ ಕಡಿಮೆ. ಅಷ್ಟರಲ್ಲಿ ದಾಸ್ತಾನಿನ ದಿನಗೂಲಿ ಏರಿ 340 ದಿರ್ಹಮ್ ಆಗಿತ್ತು. ಅದನ್ನು ಇಂದಿಗೂ ಅಪ್ಪಯ್ಯನಿಗೆ ತಿಳಿಸಿಲ್ಲ; ಈ ಲೇಖನವನ್ನು ಅವರು ಓದಿದರೆ ತಿಳಿಯಬಹುದು.

2022ರ ಮೇ 1ರಿಂದ ಭಾರತಕ್ಕೂ ಆ ದೇಶಕ್ಕೂ ನಡುವಿನ ಆರ್ಥಿಕ ಒಪ್ಪಂದ ಜಾರಿಗೆ ಬಂದಿದೆ. ನಮ್ಮಲ್ಲಿ ತಯಾರಾದ ಬಹಳಷ್ಟು ಸರಕಿಗೆ ಸುಂಕ ಹೋಗಿದೆ, ಇನ್ನು ಕೆಲವಕ್ಕೆ ಹಂತಹಂತವಾಗಿ ಇಳಿಯುತ್ತಿದೆ. ಆದರೆ ಸರಕು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ಜೊತೆಗಿರಬೇಕು; ಅದಿಲ್ಲದಿದ್ದರೆ ಹಲಸಿನ ಮರ ಯಾವ ಊರಿನದೆಂದು ಯಾರೂ ನಂಬರು. ಊರಿನ ಮೇಜೇ ಬೇಕೆನ್ನುವವರು ಎರಡು ಪಟ್ಟಿ ಮಾಡಲಿ. ನನ್ನನ್ನು ಕೇಳಿದರೆ ದುಬಾಯಿಯಲ್ಲಿ ಮುಚ್ಚುವ ಕಛೇರಿಗಳ ಹಳೆಯ ಮೇಜುಗಳೇ ಅಗ್ಗ.

ಯಂತ್ರ ಮುಂದಿನ ಕೋಣೆಯಲ್ಲಿ ಕಪಾಟಿನ ಮೇಲೆ ಕುಳಿತಿತು. ಅದರ ಚಿತ್ರವನ್ನು ಕಳುಹಿಸಿದಾಗ ಅಪ್ಪಯ್ಯ ಕೇಳಿದುದು ಒಂದೇ ಮಾತು: "ಸುಂಕ ಕಟ್ಟಿದ ರಸೀತಿ ಎಲ್ಲಿ?" ಅದರ ಪ್ರತಿಯನ್ನೂ ಕಳುಹಿಸಿದೆ. ಮರುವರ್ಷ ಊರಿಗೆ ಹೋದಾಗ ಅವರ ಕಡತವನ್ನು ಬಿಡಿಸಿ ನೋಡಿದೆ. ಯಂತ್ರ ಕೊಂಡ ದಿನದ ಹಳದಿ ರಸೀತಿಯ ಹಿಂದೆ, ಅರಬ್ಬೀ ಅಕ್ಷರಗಳ ಆ ಕಾಗದವನ್ನು ಅಂಚು ಸರಿಯಾಗಿ ಹೊಂದಿಸಿ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದರು.