ಮುಕ್ಕಾಲು ಅಂಗುಲದ ಲೆಕ್ಕ

ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ಅಂಚಿನಲ್ಲಿ, ಕೆನಡಾ ದೇಶದ ಗಡಿಗೆ ಹೊಂದಿಕೊಂಡು, ಮಿನ್ನೆಸೋಟ ಎಂಬ ರಾಜ್ಯವಿದೆ. ಅಲ್ಲಿಯ ಮೋಟಾರು ಗಾಡಿಗಳ ಸಂಖ್ಯಾಫಲಕದ ಮೇಲೆ ‘ಹತ್ತು ಸಾವಿರ ಸರೋವರಗಳು’ ಎಂಬ ಮಾತು ಅಚ್ಚಾಗಿರುವುದುಂಟು. ತಮ್ಮ ನಾಡಿನ ಹಿರಿಮೆಯನ್ನು ಹೇಳಿಕೊಳ್ಳುವಾಗ ಜನರು ಒಂದಕ್ಕೆ ಎರಡು ಸೇರಿಸುವುದು ಲೋಕರೂಢಿ. ಮಿನ್ನೆಸೋಟದವರಾದರೋ ಕಡಮೆ ಮಾಡಿಯೇ ಹೇಳಿದ್ದಾರೆ. ಹತ್ತು ಎಕರೆಗೆ ಕಡಮೆಯಿಲ್ಲದ ಸರೋವರಗಳನ್ನು ಮಾತ್ರ ಎಣಿಸಿದರೂ ಅಲ್ಲಿ 11,842 ಇವೆ. ಸಾವಿರಾರು ವರ್ಷಗಳ ಹಿಂದೆ ಆ ನೆಲವನ್ನು ಹೊದೆದುಕೊಂಡಿದ್ದ ಹಿಮರಾಶಿ ಕರಗಿ ಹಿಂಜರಿದಾಗ ಬಿಟ್ಟುಹೋದ ತಗ್ಗುಗಳೇ ಇಂದು ನೀರು ತುಂಬಿಕೊಂಡು ಕನ್ನಡಿಗಳಂತೆ ಹೊಳೆಯುತ್ತಿವೆ.

ಇಂಥ ನಾಡಿನಲ್ಲಿ ದೋಣಿಯೆಂಬುದು ವಿಲಾಸದ ವಸ್ತುವಲ್ಲ, ಮನೆಮನೆಯ ಸಾಮಾನು. ಹಿತ್ತಿಲಿನಲ್ಲಿ, ಶೆಡ್ಡಿನಲ್ಲಿ, ಕಾರಿನ ಹಿಂದೆ ಕಟ್ಟಿದ ಗಾಡಿಯ ಮೇಲೆ, ಎಲ್ಲಿ ನೋಡಿದರೂ ಹದಿನಾಲ್ಕು ಹದಿನಾರು ಅಡಿಯ ಪುಟ್ಟ ಅಲ್ಯೂಮಿನಿಯಂ ದೋಣಿಗಳು. ಪ್ರತಿಯೊಂದರ ಬೆನ್ನಿಗೂ ಒಂದೊಂದು ಯಂತ್ರ ತೂಗುಬಿದ್ದಿರುತ್ತದೆ. ಆ ಯಂತ್ರ ಎಷ್ಟು ಎತ್ತರದಲ್ಲಿ ತೂಗುತ್ತಿರಬೇಕು ಎಂಬ ಪ್ರಶ್ನೆ ಹೊರಗಿನವರಿಗೆ ಕ್ಷುಲ್ಲಕವೆನಿಸಬಹುದು. ಸರೋವರದ ಮಧ್ಯದಲ್ಲಿ ಗಾಳಿಗೆ ಸಿಕ್ಕವನಿಗೆ ಅದು ಕ್ಷುಲ್ಲಕವಲ್ಲ.

ಕಡಲ ಅಗಲ, ಕೆರೆಯ ಆಳ

ಈ ಮಾತಿಗೆ ಸಾಕ್ಷಿಯಾಗಿ ಮಿಲ್ ಲ್ಯಾಕ್ಸ್ ಎಂಬ ಸರೋವರವನ್ನು ನೋಡಬಹುದು. ಮಿನ್ನಿಯಾಪೊಲಿಸ್ ನಗರದಿಂದ ಉತ್ತರಕ್ಕೆ ಸುಮಾರು ನೂರು ಮೈಲಿ ಪಯಣಿಸಿದರೆ ಪೈನ್, ಬರ್ಚ್ ಮರಗಳ ನಡುವೆ ಥಟ್ಟನೆ ಆಕಾಶ ನೆಲಕ್ಕಿಳಿದಂತೆ ಅದು ಗೋಚರಿಸುತ್ತದೆ. ಎದುರು ದಡ ಮಸುಕು ಗೆರೆ. ‘ಮಿಲ್ ಲ್ಯಾಕ್ಸ್’ ಎಂದರೆ ಫ್ರೆಂಚ್ ಭಾಷೆಯಲ್ಲಿ ‘ಸಾವಿರ ಸರೋವರ’. ಅದಕ್ಕೂ ಮೊದಲು ಅಲ್ಲಿ ನೆಲೆಸಿದ್ದ ಡಕೋಟಾ ಜನರು ಅದನ್ನು ಪವಿತ್ರ ಸರೋವರವೆಂದು ಕರೆದರು. ಅವರ ಬಳಿಕ ಬಂದ ಓಜಿಬ್ವೆ ಜನರು ಮಹಾ ಸರೋವರವೆಂದರು. 1680ರಲ್ಲಿ ಡಕೋಟಾ ಜನರ ಸೆರೆಯಾಳಾಗಿ ಈ ದಡಕ್ಕೆ ಬಂದ ಹೆನ್ನೆಪಿನ್ ಎಂಬ ಪಾದ್ರಿಯ ಹೆಸರು ಇಂದಿಗೂ ದಡದ ಒಂದು ಉದ್ಯಾನಕ್ಕೆ ಉಳಿದಿದೆ. ಓಜಿಬ್ವೆ ಜನರು ಈಗಲೂ ಈ ಸರೋವರದ ದಡದ ನಿವಾಸಿಗಳು. 1837ರ ಒಪ್ಪಂದದಂತೆ ಮೀನು ಹಿಡಿಯುವ ಹಕ್ಕು ಅವರಿಗೆ ಉಳಿದೇ ಇದೆಯೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ತೀರ್ಪಿತ್ತಿತು.

ಸರೋವರದ ವಿಸ್ತಾರ ಸುಮಾರು 1,32,000 ಎಕರೆ. ಆದರೆ ಅದರ ಅತ್ಯಂತ ಆಳದ ಜಾಗವೂ 42 ಅಡಿಯನ್ನು ಮೀರದು. ಬೆಳೆದು ನಿಂತ ಒಂದು ತೆಂಗಿನ ಮರವನ್ನು ಆ ಮಡುವಿನಲ್ಲಿ ಇಳಿಸಿದರೆ ಗರಿಗಳು ನೀರಿನ ಮೇಲೆಯೇ ಕಾಣಿಸಿಯಾವು! ಅಗಲಕ್ಕೆ ತಕ್ಕ ಆಳವಿಲ್ಲದ ಈ ನೀರಿನ ಸ್ವಭಾವ ವಿಚಿತ್ರವಾದುದು. ಗಾಳಿ ಬೀಸತೊಡಗಿದರೆ ಅದನ್ನು ತಡೆಯುವ ಗುಡ್ಡವಾಗಲಿ ದ್ವೀಪಗಳ ಸಾಲಾಗಲಿ ಇಲ್ಲ. ಅಲೆಗಳು ಬೇಗನೆ ಏಳುತ್ತವೆ. ಒಂದರ ಹಿಂದೆ ಒಂದು ಒತ್ತೊತ್ತಾಗಿ, ಕಡಿದಾಗಿ ಬರುತ್ತವೆ. ದಕ್ಷಿಣ ಭಾಗದಲ್ಲಿ ನೀರಿನಡಿ ಅಡಗಿದ ಬಂಡೆಗಳ ದಿಬ್ಬಗಳು, ಉತ್ತರ ಭಾಗದಲ್ಲಿ ಮಣ್ಣಿನ ದಿಬ್ಬಗಳು. ನಡುವೆ ತಲೆಯೆತ್ತಿದ ಎರಡು ಕಲ್ಲು ದ್ವೀಪಗಳನ್ನು 1915ರಲ್ಲಿ ಪಕ್ಷಿಗಳಿಗಾಗಿ ಕಾದಿರಿಸಲಾಯಿತು. ಎರಡೂ ಸೇರಿ ಅರ್ಧ ಎಕರೆಗಿಂತ ತುಸು ಹೆಚ್ಚು. ಅಮೆರಿಕದ ರಾಷ್ಟ್ರೀಯ ವನ್ಯಜೀವಿಧಾಮಗಳಲ್ಲೆಲ್ಲ ಚಿಕ್ಕದೆಂಬ ಖ್ಯಾತಿ ಇದರದು.

ಇಲ್ಲಿಗೆ ಬರುವ ಮೀನುಗಾರರ ಕಣ್ಣು ವಾಲ್‌ಐ ಎಂಬ ಮೀನಿನ ಮೇಲೆ. ಮಂದ ಬೆಳಕಿನಲ್ಲಿಯೂ ಚೆನ್ನಾಗಿ ಕಾಣಬಲ್ಲ ಕಣ್ಣು ಅದರದು. ಆದುದರಿಂದ ಬೆಳಗು ಬೈಗುಗಳಲ್ಲಿ, ಗಾಳಿಯಿಂದ ನೀರು ಕಲಕಿ ಬೆಳಕು ಚದುರಿದ ವೇಳೆಯಲ್ಲಿ ಅದು ಬೇಟೆಗೆ ಹೊರಡುತ್ತದೆ. ಅದರ ಬೆನ್ನುಹತ್ತಿದ ಮನುಷ್ಯನೂ ಅದೇ ವೇಳೆಗೆ ಹೊರಡಬೇಕಾಗುತ್ತದೆ. ನೀರು ಶಾಂತವಾಗಿರುವಾಗ ಮೀನಿಲ್ಲ, ಮೀನಿರುವಾಗ ಶಾಂತಿಯಿಲ್ಲ!

ದೋಣಿ ಬಂದ ಬಗೆ

ದೋಣಿಯ ಹಿಂಬದಿಗೆ ತಗುಲಿಸುವ ಯಂತ್ರವನ್ನು ಜನಪ್ರಿಯಗೊಳಿಸಿದವನು ನೆರೆಯ ವಿಸ್ಕಾನ್ಸಿನ್ ರಾಜ್ಯದ ಓಲೆ ಎವಿನ್‌ರೂಡ್. 1877ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದವನು. 1906ರ ಬೇಸಗೆಯಲ್ಲಿ ಒಕಾಚೀ ಸರೋವರದ ದಡದಲ್ಲಿ ತನ್ನ ಪ್ರಿಯತಮೆಗಾಗಿ ಐಸ್‌ಕ್ರೀಮ್ ತರಲು ಆತ ಹುಟ್ಟುಹಾಕುತ್ತ ಹೋಗಿ ಬರುವಷ್ಟರಲ್ಲಿ ಅದು ಕರಗಿಹೋಯಿತಂತೆ; ಆ ಬೇಸರದಿಂದಲೇ ಯಂತ್ರದ ಯೋಚನೆ ಹುಟ್ಟಿತೆಂದು ಕತೆ. ಅಂಥ ಯಂತ್ರವನ್ನು ಮಾಡಿದವರಲ್ಲಿ ಆತನೇ ಮೊದಲಿಗನಲ್ಲ. ಆದರೆ 1909ರಲ್ಲಿ ಆತ ಮಾರಾಟಕ್ಕೆ ತಂದ, ಒಂದೂವರೆ ಅಶ್ವಶಕ್ತಿಯ, 62 ಪೌಂಡು ತೂಗುವ ಯಂತ್ರ ಜನರ ಮನಸ್ಸನ್ನು ಗೆದ್ದಿತು. ಆತನ ಹೆಸರು ಹೊತ್ತ ಯಂತ್ರಗಳ ತಯಾರಿಕೆ 2020ರಲ್ಲಿ ನಿಂತಿತು.

ಅಲ್ಯೂಮಿನಿಯಂ ದೋಣಿ ಬಂದದ್ದು ಯುದ್ಧದ ಬೆನ್ನಿಗೆ. ಎರಡನೆಯ ಮಹಾಯುದ್ಧ ಮುಗಿದಾಗ ವಿಮಾನ ಕಟ್ಟುತ್ತಿದ್ದ ಗ್ರಮ್ಮನ್ ಕಂಪನಿ ಅದೇ ತಗಡಿನಿಂದ 1945ರಲ್ಲಿ ಹಗುರವಾದ ದೋಣಿಗಳನ್ನು ಮಾಡತೊಡಗಿತು. ಮಿನ್ನೆಸೋಟದ ನ್ಯೂಯಾರ್ಕ್ ಮಿಲ್ಸ್ ಎಂಬ ಸಣ್ಣ ಊರಿನಲ್ಲಿ 1948ರಲ್ಲಿ ಲುಂಡ್ ದೋಣಿಗಳ ಕಾರ್ಖಾನೆ ಹುಟ್ಟಿತು. ಬಿಸಿಲಿಗೆ ಬಿರಿಯದ, ಹೊತ್ತು ಸಾಗಿಸಲು ಹಗುರಾದ ತಗಡಿನ ದೋಣಿ ಮರದ ದೋಣಿಯನ್ನು ಹಿಂದಿಕ್ಕಿತು.

ಮಲ್ಪೆ, ಗಂಗೊಳ್ಳಿಗಳ ನಾಡದೋಣಿಗಳಿಗೆ ಸೀಮೆಎಣ್ಣೆಯ ಔಟ್‌ಬೋರ್ಡ್ ಯಂತ್ರ ಕಟ್ಟಿರುವುದನ್ನು ಕಂಡ ನಮ್ಮ ಕರಾವಳಿಯ ಓದುಗರಿಗೆ ಈ ಯಂತ್ರದ ರೂಪ ಅಪರಿಚಿತವಲ್ಲ. ಮೇಲೆ ಎಂಜಿನಿನ ತಲೆ. ಕೆಳಗೆ ನೀರಿಗಿಳಿದ ಉದ್ದನೆಯ ಕಾಲು. ಕಾಲಿನ ತುದಿಯಲ್ಲಿ ತಿರುಗುವ ಪ್ರೊಪೆಲ್ಲರ್. ಪ್ರೊಪೆಲ್ಲರಿನ ನೆತ್ತಿಯ ಮೇಲೆ ಅಡ್ಡಲಾಗಿ ಚಾಚಿದ ಚಪ್ಪಟೆ ತಟ್ಟೆಯೊಂದಿದೆ. ಮೇಲಿನ ಗಾಳಿ ಪ್ರೊಪೆಲ್ಲರಿನವರೆಗೆ ಇಳಿಯದಂತೆ ತಡೆಯುವ ಕೊಡೆ ಅದು. ಎತ್ತರದ ಲೆಕ್ಕವೆಲ್ಲ ಈ ತಟ್ಟೆಯದೇ.

ಏರಿದರೊಂದು ಕಷ್ಟ, ಇಳಿದರೊಂದು ಕಷ್ಟ

ಯಂತ್ರವನ್ನು ಬೇಕಾದುದಕ್ಕಿಂತ ಮೇಲೆ ತೂಗುಹಾಕಿದರೆ ಪ್ರೊಪೆಲ್ಲರ್ ನೀರಿನೊಡನೆ ಗಾಳಿಯನ್ನೂ ಸೆಳೆದುಕೊಳ್ಳುತ್ತದೆ. ಗಾಳಿಯಲ್ಲಿ ಅದಕ್ಕೆ ಹಿಡಿತವೆಲ್ಲಿ? ಕೆಸರಿನಲ್ಲಿ ಹೂತ ಲಾರಿಯ ಚಕ್ರದಂತೆ ಅದು ಸುಮ್ಮನೆ ಗಿರ್ರನೆ ತಿರುಗುತ್ತದೆ, ಎಂಜಿನು ಕಿರುಚುತ್ತದೆ, ದೋಣಿ ಮುಂದೆ ಸಾಗದು. ಎಂಜಿನನ್ನು ತಂಪಾಗಿಡುವ ನೀರು ಕಾಲಿನಲ್ಲಿರುವ ಸಣ್ಣ ಕಿಂಡಿಗಳಿಂದ ಒಳಸೇರಬೇಕು. ಆ ಕಿಂಡಿಗಳು ನೀರನ್ನು ಬಿಟ್ಟು ಮೇಲೆ ಬಂದರೆ ಯಂತ್ರ ಕಾದು ಕೆಡುತ್ತದೆ.

ತೀರ ಕೆಳಗಿಳಿಸಿದರೆ ಬೇರೆ ಬಗೆಯ ತೊಂದರೆ. ಬಂಡಿಯ ಹಿಂದೆ ಮರದ ಕೊರಡನ್ನು ಕಟ್ಟಿ ಎಳೆದಂತೆ ಯಂತ್ರದ ಕಾಲೇ ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ. ನೀರು ಕಾರಂಜಿಯಾಗಿ ಚಿಮ್ಮಿ ಕುಳಿತವರ ಬೆನ್ನನ್ನು ತೋಯಿಸುತ್ತದೆ. ಪೆಟ್ರೋಲು ಹೆಚ್ಚು ಉರಿದು ವೇಗ ಕಡಮೆಯಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ನೀರಿನಡಿಯ ಬಂಡೆಗೆ ಮೊದಲು ತಗಲುವುದು ಅದೇ ಕಾಲು.

ದೋಣಿಯ ಹಿಂಬದಿಯ ಹಲಗೆಯ ಎತ್ತರ ಸಾಮಾನ್ಯವಾಗಿ 15 ಅಂಗುಲ ಇಲ್ಲವೆ 20 ಅಂಗುಲ. ಯಂತ್ರಗಳ ಕಾಲುಗಳೂ ಅದಕ್ಕೆ ತಕ್ಕ ಅಳತೆಗಳಲ್ಲಿ ದೊರೆಯುತ್ತವೆ. ಹದಿನೈದಕ್ಕೆ ಹದಿನೈದು, ಇಪ್ಪತ್ತಕ್ಕೆ ಇಪ್ಪತ್ತು ಕೂಡಿದರೆ ಮದುವೆ ಮುಗಿದಂತೆಯೇ ಎಂದುಕೊಳ್ಳಬಾರದು. ಸಂಸಾರ ಹೊಂದಿಕೊಳ್ಳುವುದು ಆಮೇಲಿನ ಮಾತು.

ದಡದ ಮೇಲಿನ ಕೆಲಸ

ಹೊಂದಿಸುವ ಕೆಲಸ ನಡೆಯುವುದು ದಡದಲ್ಲಿ, ದೋಣಿ ಇನ್ನೂ ಗಾಡಿಯ ಮೇಲಿರುವಾಗ. ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ದೋಣಿಯ ತಳಕ್ಕೆ ಓರೆಕೋರೆಯಿಲ್ಲದ ಪಟ್ಟಿಯೊಂದನ್ನು ಒತ್ತಿಹಿಡಿದು ಹಿಂದಕ್ಕೆ ಚಾಚುತ್ತಾರೆ. ಆ ಪಟ್ಟಿಗೂ ಯಂತ್ರದ ತಟ್ಟೆಗೂ ಎಷ್ಟು ಅಂತರವಿದೆಯೆಂಬುದು ಕಣ್ಣಿಗೇ ಕಾಣುತ್ತದೆ. ತಟ್ಟೆ ದೋಣಿಯ ತಳದ ಮಟ್ಟಕ್ಕೆ ಸರಿಯಾಗಿ, ಇಲ್ಲವೆ ಅದಕ್ಕಿಂತ ಒಂದಂಗುಲದೊಳಗೆ ಕೆಳಗಿದ್ದರೆ ಅದು ಒಳ್ಳೆಯ ಆರಂಭ. ಅದು ಆರಂಭವೇ ಹೊರತು ಮುಕ್ತಾಯವಲ್ಲ.

ದೊಡ್ಡ ಯಂತ್ರಗಳ ಹಿಡಿಕೆಯಲ್ಲಿ ಮೇಲಿಂದ ಕೆಳಕ್ಕೆ ಬೋಲ್ಟಿನ ರಂಧ್ರಗಳಿರುತ್ತವೆ. ಒಂದು ರಂಧ್ರಕ್ಕೂ ಇನ್ನೊಂದಕ್ಕೂ ಸಾಮಾನ್ಯವಾಗಿ ಮುಕ್ಕಾಲು ಅಂಗುಲ. ಒಮ್ಮೆಗೆ ಒಂದೇ ರಂಧ್ರ ಏರಿಸಬೇಕು. ನೀರಿಗಿಳಿಸಿ ಓಡಿಸಿ ನೋಡಬೇಕು. ತಿರುವಿನಲ್ಲಿ ಪ್ರೊಪೆಲ್ಲರ್ ಹಿಡಿತ ತಪ್ಪುವವರೆಗೆ ಹೀಗೆಯೇ ಏರಿಸುತ್ತ ಹೋಗಿ, ತಪ್ಪಿದೊಡನೆ ಒಂದು ರಂಧ್ರ ಹಿಂದಕ್ಕಿಳಿಸಬೇಕು. ತಂಬೂರಿಯ ಕುದುರೆಯ ಮೇಲೆ ಜೀವಾಳದ ಎಳೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ನಾದ ತುಂಬುವ ಜಾಗವನ್ನು ಹುಡುಕುವ ಗಾಯಕನನ್ನು ಕಂಡವರಿಗೆ ಈ ಕೆಲಸದ ತಾಳ್ಮೆ ಅರ್ಥವಾದೀತು.

ತಿರುಪುಗಳಿಂದ ಕಚ್ಚಿ ನಿಲ್ಲುವ ಸಣ್ಣ ಯಂತ್ರಗಳಿಗೆ ಇಂಥ ರಂಧ್ರಗಳ ಅನುಕೂಲವಿಲ್ಲ. ಅವನ್ನು ಏರಿಸಬೇಕಾದರೆ ಹಿಂಬದಿಯ ಹಲಗೆಯ ನೆತ್ತಿಗೆ ಗಟ್ಟಿಮರದ ಪಟ್ಟಿಯೊಂದನ್ನು ಭದ್ರವಾಗಿ ಕೂರಿಸುತ್ತಾರೆ. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ತಿರುಪುಗಳು ಹಲಗೆಯನ್ನು ತುಂಬ ಕಚ್ಚಿರಬೇಕು. ಅಂಚನ್ನು ಮಾತ್ರ ಹಿಡಿದುಕೊಂಡರೆ ಯಂತ್ರ ಒಂದು ದಿನ ಜಾರಿ ಸರೋವರದ ಪಾಲಾಗುತ್ತದೆ. ಅದಕ್ಕಾಗಿಯೇ ತಿಳಿದವರು ಯಂತ್ರಕ್ಕೊಂದು ಸರಪಳಿ ಕಟ್ಟುತ್ತಾರೆ. ಎರಡನೆಯದು, ಗೆದ್ದಲು ಕೊಳೆತಗಳನ್ನು ತಡೆಯಲು ತಾಮ್ರದ ಲವಣ ಹಾಕಿದ ಮರವನ್ನು ಬಳಸಬಾರದು. ತಾಮ್ರಕ್ಕೂ ಅಲ್ಯೂಮಿನಿಯಮಿಗೂ ಹಗೆತನ. ಒದ್ದೆಯಾದಾಗ ಅದು ತಗಡನ್ನು ತಿಂದುಹಾಕುತ್ತದೆ. ಹಾಗೆಯೇ, ಬಿಟ್ಟ ಹಳೆಯ ರಂಧ್ರಗಳನ್ನು ಚೆನ್ನಾಗಿ ಮುಚ್ಚದಿದ್ದರೆ ಒಳಗಿನ ಮರದ ಹಲಗೆ ಯಾರಿಗೂ ಕಾಣದಂತೆ ಕೊಳೆಯುತ್ತದೆ.

ಪರೀಕ್ಷೆ ಮಾಡುವಾಗ ದೋಣಿ ಖಾಲಿಯಿರಬಾರದು. ಯಂತ್ರದ ಹಿಡಿ ಹಿಡಿದು ಹಿಂದೆ ಕುಳಿತವನ ತೂಕ, ಪೆಟ್ರೋಲಿನ ಡಬ್ಬಿ, ಮೀನಿನ ಪೆಟ್ಟಿಗೆ, ಜೊತೆಗಾರ ಎಲ್ಲವೂ ಸೇರಿದಾಗ ದೋಣಿ ನೀರಿನಲ್ಲಿ ಕುಳಿತುಕೊಳ್ಳುವ ರೀತಿಯೇ ಬೇರೆ.

ಯಾವ ದಿನಕ್ಕಾಗಿ?

ತಿಳಿನೀರಿನ ಮುಂಜಾನೆ ಪರೀಕ್ಷೆ ಮಾಡಿದವನಿಗೆ ಮತ್ತೊಂದು ರಂಧ್ರ ಏರಿಸುವ ಆಸೆ ಹುಟ್ಟುವುದು ಸಹಜ. ಅಲ್ಲಿ ಯಂತ್ರ ಮೇಲೇರಿದಷ್ಟೂ ಎಳೆತ ಕಡಮೆ, ವೇಗ ಹೆಚ್ಚು. ಆದರೆ ಮಿಲ್ ಲ್ಯಾಕ್ಸಿನ ಮಧ್ಯಾಹ್ನ ಮುಂಜಾನೆಯಂತಲ್ಲ. ಕಡಿದಾದ ಅಲೆಯ ಮೇಲೆ ದೋಣಿಯ ಹಿಂಬದಿ ಎದ್ದಾಗ ಮೇಲೆ ಕೂರಿಸಿದ ಯಂತ್ರ ಗಾಳಿಯನ್ನು ಕಚ್ಚುತ್ತದೆ. ಆ ಕ್ಷಣದಲ್ಲಿ ಬೇಕಾದುದು ವೇಗವಲ್ಲ, ಮೂತಿಯನ್ನು ಅಲೆಗೆ ಎದುರಾಗಿ ನಿಲ್ಲಿಸುವ ಬಲ. ಅದು ತಪ್ಪಿದರೆ ದೋಣಿ ಅಡ್ಡತಿರುಗಿ ಪಕ್ಕೆಯನ್ನು ಅಲೆಗೆ ಒಡ್ಡುತ್ತದೆ. ಹದಿನೈದಂಗುಲದ ಹಿಂಬದಿಯ ಹಲಗೆಯನ್ನು ದಾಟಿ ಬರಲು ನೀರಿಗೆ ಹೆಚ್ಚು ಶ್ರಮವಿಲ್ಲ. ಹಿಮ ಕರಗಿದ ಹೊಸದರಲ್ಲಿ ಆ ನೀರಿಗೆ ಬಿದ್ದವನ ಕೈಕಾಲು ಕೆಲವೇ ನಿಮಿಷಗಳಲ್ಲಿ ಸೆಟೆದುಕೊಳ್ಳುತ್ತವೆ, ಈಜು ಬಲ್ಲವನಾದರೂ ಸರಿಯೆ. ದೋಣಿಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ತೇಲುಕವಚ ಇರಲೇಬೇಕು, ಹತ್ತು ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟೇ ಇರಬೇಕು ಎಂದು ಆ ರಾಜ್ಯ ಕಾನೂನು ಮಾಡಿರುವುದು ಸುಮ್ಮನಲ್ಲ.

ಆದುದರಿಂದ ಅಲ್ಲಿಯ ಯಂತ್ರದ ಎತ್ತರವನ್ನು ನಿರ್ಧರಿಸಬೇಕಾದುದು ಒಳ್ಳೆಯ ದಿನದ ನೀರಲ್ಲ, ಕೆಟ್ಟ ದಿನದ ನೀರು. ಮುಕ್ಕಾಲು ಅಂಗುಲದ ವೇಗವನ್ನು ಬಿಟ್ಟುಕೊಟ್ಟವನು ಮುಕ್ಕಾಲು ಅಂಗುಲದ ಹಿಡಿತವನ್ನು ಉಳಿಸಿಕೊಳ್ಳುತ್ತಾನೆ. ದಕ್ಷಿಣದ ಬಂಡೆಗಳ ಬಳಿ ಅದರಿಂದ ತುಸು ಅಪಾಯ ಹೆಚ್ಚುವುದು ನಿಜ. ಅದಕ್ಕೆ ಮದ್ದು ವೇಗವನ್ನು ತಗ್ಗಿಸುವುದು, ಬೇಕಾದಾಗ ಯಂತ್ರವನ್ನು ಓರೆಯಾಗಿ ಮೇಲಕ್ಕೆತ್ತುವುದು.

ಯಂತ್ರಕ್ಕೆ ಜಾಗವಿಲ್ಲದ ನೀರೂ ಅಲ್ಲಿಯೇ ಹತ್ತಿರದಲ್ಲಿದೆ. ಮಿಲ್ ಲ್ಯಾಕ್ಸಿನಿಂದ ಹೊರಟ ರಮ್ ನದಿ ಒಗೆಚೀ, ಒನಾಮಿಯ ಮುಂತಾದ ಸಣ್ಣ ಸರೋವರಗಳನ್ನು ಹಾದು ಮಿಸಿಸಿಪ್ಪಿ ನದಿಯನ್ನು ಸೇರಲು ಸಾಗುತ್ತದೆ. ಆ ಆಳವಿಲ್ಲದ ನೀರಿನಲ್ಲಿ ಕಾಡುಭತ್ತ ಬೆಳೆಯುತ್ತದೆ. ಓಜಿಬ್ವೆ ಜನರು ‘ಮನೋಮಿನ್’ ಎಂದು ಕರೆಯುವ ಈ ಧಾನ್ಯವನ್ನು ಬೇಸಗೆಯ ಕೊನೆಯಲ್ಲಿ ಕೊಯ್ಯುವಾಗ ಯಂತ್ರ ಬಳಸಕೂಡದೆಂದು ರಾಜ್ಯದ ಕಾನೂನಿದೆ. ಒಬ್ಬ ಉದ್ದನೆಯ ಗಳುವಿನಿಂದ ದೋಣಿಯನ್ನು ತಳ್ಳುತ್ತಾನೆ. ಇನ್ನೊಬ್ಬ ಎರಡು ಹಗುರವಾದ ಕೋಲುಗಳಿಂದ ತೆನೆಗಳನ್ನು ಬಾಗಿಸಿ ಕಾಳುಗಳನ್ನು ದೋಣಿಯೊಳಕ್ಕೆ ಉದುರಿಸುತ್ತಾನೆ. ಒಂದಿಷ್ಟು ಕಾಳು ನೀರಿಗೂ ಬೀಳುತ್ತದೆ. ಮುಂದಿನ ವರ್ಷದ ಬೆಳೆ ಅದು.

ದಡ ಸೇರಿದ ದೋಣಿಗೂ ಕೆಲಸ ಮುಗಿಯುವುದಿಲ್ಲ. 2005ರಲ್ಲಿ ಮಿಲ್ ಲ್ಯಾಕ್ಸಿನಲ್ಲಿ ಜೀಬ್ರಾ ಮಸೆಲ್ ಎಂಬ ಹೊರನಾಡಿನ ಸಣ್ಣ ಚಿಪ್ಪುಜೀವಿ ಕಾಣಿಸಿಕೊಂಡಿತು. ಅದು ಬೇರೆ ಸರೋವರಗಳಿಗೆ ಹಬ್ಬದಂತೆ ದೋಣಿಯ ತಳದ ಬಿರಡೆಯನ್ನು ತೆಗೆದು ನೀರನ್ನೆಲ್ಲ ಬಸಿದು, ಯಂತ್ರದ ಕಾಲಿಗೆ ಸುತ್ತಿಕೊಂಡ ಜೊಂಡನ್ನು ಬಿಡಿಸಿಯೇ ಹೊರಡಬೇಕು.

ಚಳಿಗಾಲದಲ್ಲಿ ಸರೋವರವೆಲ್ಲ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಮಂಜುಗಡ್ಡೆಯ ಮೇಲೆ ಪುಟ್ಟ ಗುಡಿಸಲುಗಳ ಊರೇ ಏಳುತ್ತದೆ. ಜನರು ಗಡ್ಡೆಯಲ್ಲಿ ತೂತು ಕೊರೆದು ಗಾಳ ಇಳಿಬಿಟ್ಟು ಕುಳಿತುಕೊಳ್ಳುತ್ತಾರೆ. ದೋಣಿಗಳು ಮಗುಚಿ ಮಲಗಿರುತ್ತವೆ. ಯಂತ್ರಗಳು ಒಳಗಿನ ನೀರು ಇಳಿದುಹೋಗುವಂತೆ ಶೆಡ್ಡುಗಳಲ್ಲಿ ನೆಟ್ಟಗೆ ನಿಂತಿರುತ್ತವೆ. ಏಪ್ರಿಲ್ ಕೊನೆಯ ಹೊತ್ತಿಗೆ ಸಾಮಾನ್ಯವಾಗಿ ಗಡ್ಡೆ ಒಡೆಯುತ್ತದೆ. ಮೇ ತಿಂಗಳ ನಡುವೆ ವಾಲ್‌ಐ ಹಿಡಿಯುವ ಕಾಲ ತೆರೆಯುತ್ತದೆ. ಅದಕ್ಕೆ ಒಂದೆರಡು ದಿನ ಮೊದಲು ದಡದ ಮನೆಗಳ ಅಂಗಳದಲ್ಲಿ ಸ್ಪ್ಯಾನರುಗಳು ಹೊರಬರುತ್ತವೆ. ದೋಣಿಯ ತಳಕ್ಕೆ ಪಟ್ಟಿಯನ್ನು ಒತ್ತಿಹಿಡಿದು, ಒಂದು ಕಣ್ಣು ಮುಚ್ಚಿ ತಟ್ಟೆಯ ಮಟ್ಟ ನೋಡಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿದ ಮೇಲೆಯೇ ದೋಣಿ ನೀರಿಗಿಳಿಯುತ್ತದೆ.