ಅಕ್ಕನಿಗೆ ಹೇಳದೆ ಬಿಟ್ಟದ್ದು

ನನ್ನ ಬಲಗೈ ಹೆಬ್ಬೆರಳು ಮೊದಲು ಕೈಕೊಟ್ಟದ್ದು ಹೂ ಕಟ್ಟುವಾಗ. ಪ್ರತಿ ಸಂಕಷ್ಟಿಗೆ ರವೀಂದ್ರನಗರದ ಗಣಪತಿ ದೇವಸ್ಥಾನಕ್ಕೆ ಒಂದು ಮಾರು ಮಲ್ಲಿಗೆ ಕಟ್ಟಿ ಒಯ್ಯುವುದು ನನ್ನ ರೂಢಿ. ಅವತ್ತು ಬಾಳೆನಾರಿನ ಕುಣಿಕೆ ಎಳೆದಾಗ ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಸೂಜಿ ಹೊಕ್ಕ ಹಾಗಾಯಿತು. ಕೀಲು ಸವೆದಿದೆ ಅಂದರು ಡಾಕ್ಟರು. ಅಲ್ಲಿ ಎರಡು ಮೂಳೆ ಕುದುರೆಯ ಜೀನಿನ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಬೆರಳ ತುದಿಯಲ್ಲಿ ಒಂದು ಕೆಜಿಯಷ್ಟು ಒತ್ತಿ ಹಿಡಿದರೆ ಬುಡದ ಮೇಲೆ ಸುಮಾರು 12 ಕೆಜಿ ಬೀಳುತ್ತದಂತೆ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವಳಿಗೆ ಆ ಲೆಕ್ಕ ಬೇಗ ಅರ್ಥವಾಯಿತು.

ಪಿಆರ್‌ಪಿ ಚುಚ್ಚುಮದ್ದೇ ಬೇಕು ಅಂತ ಹಟ ಹಿಡಿದವಳು ನಾನೇ. ಮೊದಲು ಪಟ್ಟಿ ಕಟ್ಟಿ ನೋಡೋಣ ಅಂದಿದ್ದರು ಡಾಕ್ಟರು, ಕೇಳಲಿಲ್ಲ. ತೋಳಿನಿಂದ ರಕ್ತ ತೆಗೆದು ಯಂತ್ರದಲ್ಲಿ ಗಿರ್ರನೆ ತಿರುಗಿಸಿದರು. ಕೆಂಪು ತಳಕ್ಕಿಳಿದು, ಆರಿದ ಸಾರಿನ ಮೇಲೆ ತಿಳಿ ನಿಂತ ಹಾಗೆ, ಹಳದಿ ತಿಳಿ ನಿಂತಿತು. ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗವನ್ನು ಎಳೆದು ಕೀಲಿಗೆ ಚುಚ್ಚಿದರು.

ಎರಡು ದಿನ ನೋವು ಇಮ್ಮಡಿಯಾಯಿತು, ಒಂದೂವರೆ ತಿಂಗಳಲ್ಲಿ ತಗ್ಗಿತು. ದೇವಸ್ಥಾನದಲ್ಲಿ ಸಿಕ್ಕವರಿಗೆಲ್ಲ ನನ್ನ ರಕ್ತವೇ ನನಗೆ ಔಷಧಿ ಅಂತ ಭಾಷಣ ಬಿಗಿದೆ. ಅದರ ಜೊತೆಗೇ ಕೊಟ್ಟಿದ್ದ ಹೆಬ್ಬೆರಳ ಪಟ್ಟಿಯನ್ನು ರಾತ್ರಿ ತಪ್ಪದೆ ಕಟ್ಟುತ್ತಿದ್ದದ್ದು, ಹೂವನ್ನು ಅಂಗಡಿಯಿಂದ ತರುತ್ತಿದ್ದದ್ದು, ಕಾಯಿ ತುರಿಯುವ ಕೆಲಸ ಯಜಮಾನರ ಪಾಲಾದದ್ದು, ಇದನ್ನೆಲ್ಲ ಬಾಯಿಬಿಡಲಿಲ್ಲ. ಅಷ್ಟು ದುಡ್ಡು ಸುರಿದ ಮೇಲೆ ವಾಸಿಯಾದ ಹೆಸರು ಒಂದು ಬಟ್ಟೆಪಟ್ಟಿಗೆ ಹೋಗುವುದು ನನಗೆ ಬೇಕಿರಲಿಲ್ಲ.

ಇದೇ ನೋವಿದ್ದ ಭದ್ರಾವತಿ ನ್ಯೂ ಟೌನಿನ ಅಕ್ಕ ನನ್ನ ಮಾತು ನಂಬಿ ಎಫ್‌ಡಿ ಮುರಿಸಿದಳು. ಚುಚ್ಚಿಸಿಕೊಂಡ ನಾಲ್ಕನೇ ದಿನ ತವರಲ್ಲಿ ಅಡಿಕೆ ಕೊಯ್ಲು. ಹೋಗಿ ಮೆಟ್ಟುಗತ್ತಿ ಮುಂದೆ ಕೂತಳು. ನೋವು ಹೋಗಲಿಲ್ಲ. ಇನ್ನೊಂದು ಸಲ ಹಾಕಿಸು ಅಂದವಳೂ ನಾನೇ. ಹಾಕಿಸಿದಳು.

ನಾನು ಓದಿದ್ದು ಆಮೇಲೆ. ಆಸ್ಟ್ರೇಲಿಯದಲ್ಲಿ ಮಂಡಿ ಸವೆತದ 288 ಜನರ ಮೇಲೆ ಮಾಡಿದ ಪ್ರಯೋಗ 2021ರಲ್ಲಿ ಪ್ರಕಟವಾಗಿದೆ. ಪಿಆರ್‌ಪಿ ಪಡೆದವರಿಗೂ ಬರೀ ಉಪ್ಪುನೀರು ಚುಚ್ಚಿಸಿಕೊಂಡವರಿಗೂ ವರ್ಷದ ಮೇಲೆ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮಂಡಿಯೇ ಬೇರೆ, ಬೆರಳೇ ಬೇರೆ, ನಿಜ. ಹೆಬ್ಬೆರಳಿನ ಮೇಲೆ ನಡೆದವು ಸಣ್ಣಪುಟ್ಟ ಪ್ರಯೋಗಗಳು, ಸ್ಟೀರಾಯ್ಡ್‌ಗಿಂತ ವಾಸಿ ಎಂದದ್ದೂ ಅದರಲ್ಲಿದೆ. ಆದರೆ ಫ್ರಾನ್ಸಿನಲ್ಲಿ 112 ಜನರ ಮೇಲೆ ನಡೆದು 2009ರಲ್ಲಿ ಬಂದ ಇನ್ನೊಂದು ವರದಿ ಓದುವಾಗ ಮುಖ ಬಿಸಿಯಾಯಿತು. ರಾತ್ರಿ ಪಟ್ಟಿ ಕಟ್ಟಿ ಮಲಗಿದವರಿಗೆ ವರ್ಷದ ಹೊತ್ತಿಗೆ ನೋವು ಇಳಿದಿತ್ತು.

ಮರುದಿನವೇ ಪಟ್ಟಿಯನ್ನು ಚೀಲದಲ್ಲಿಟ್ಟುಕೊಂಡು ಭದ್ರಾವತಿ ಬಸ್ಸು ಹತ್ತಿದೆ. ಅಡುಗೆಮನೆಯಲ್ಲಿ ಎಲ್ಲ ಒಪ್ಪಿಸಿದೆ. ಅಕ್ಕ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದನ್ನ ದಿನಾ ಕಟ್ತಿದ್ಯೇನೇ?"

"ಹ್ಞೂಂ."

"ಇದು ಬಲಗೈದು ಮಾರಾಯ್ತಿ. ನಂಗೆ ನೋವು ಎಡಗೈ."

ಅಂದವಳೇ ಹೋಳು ತೆಂಗಿನಕಾಯಿ ಸಮೇತ ತುರಿಮಣೆಯನ್ನು ನನ್ನ ಕಡೆ ಸರಿಸಿದಳು.